ಆರುನೂರ ಹದಿಮೂರನೆಯ ಬಿಡಿಭಾಗ

ನಮ್ಮ ಭಾವ ನಡೆದು ಬರುವಾಗ ಅವರ ತುಟಿಗಳು ಮೆಲ್ಲಗೆ ಅಲುಗುತ್ತಿರುತ್ತವೆ. ಕಂಡವರು ಯಾವುದೋ ಸ್ತೋತ್ರವಿರಬೇಕೆಂದು ಭಾವಿಸಿ ಗೌರವದಿಂದ ದಾರಿ ಬಿಡುತ್ತಾರೆ. ಅವರು ಎಣಿಸುತ್ತಿರುವುದು ಹೆಜ್ಜೆಗಳನ್ನು ಎಂಬ ಗುಟ್ಟು ಮನೆಯವರಾದ ನಮಗೆ ಮಾತ್ರ ಗೊತ್ತು. ಹೊಸ್ತಿಲಿನಿಂದ ಗ್ರಂಥಾಲಯದ ಮೊದಲ ಮೆಟ್ಟಿಲಿಗೆ ಸಾವಿರದ ನಾನೂರ ಎಂಟು ಹೆಜ್ಜೆ. ನಡುದಾರಿಯಲ್ಲಿ ಯಾರಾದರೂ ಕುಶಲ ವಿಚಾರಿಸಿದರೆ ಬಲಗೈ ಎತ್ತಿ ಅವರನ್ನು ತಡೆದು, ಅಲ್ಲಿಯವರೆಗಿನ ಎಣಿಕೆಯನ್ನು ಎಡಗೈ ಬೆರಳುಗಳಿಗೆ ಒಪ್ಪಿಸಿ, ಆನಂತರವೇ "ಚೆನ್ನಾಗಿದೀನಿ" ಎಂದು ಉತ್ತರಿಸುತ್ತಾರೆ. ಅಷ್ಟರಲ್ಲಿ ಕೇಳಿದವರು ಹೊರಟುಹೋಗಿರುವುದೂ ಉಂಟು.

ಈ ಚಾಳಿ ಅವರಿಗೆ ಕಸುಬಿನಿಂದ ಬಂದದ್ದು. ಮೂವತ್ತೆರಡು ವರ್ಷ ಅವರು ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಕುಳಿತು ಜೀರ್ಣವಾದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟಿದವರು. ಬಿಚ್ಚುವ ಮುಂಚೆ ಹಾಳೆ ಎಣಿಸು, ಹೊಲಿದ ಮೇಲೆ ಹಾಳೆ ಎಣಿಸು ಎಂಬುದು ಗುರುಗಳಿಂದ ಬಂದ ಏಕೈಕ ಉಪದೇಶ. ಆ ವರ್ಷಗಳ ಮೈದಾ ಅಂಟೆಲ್ಲ ಅವರ ಖಾಕಿ ಕೋಟಿಗೆ ಮೆತ್ತಿಕೊಂಡು, ಕೋಟು ಎಷ್ಟು ಸೆಟೆದುಕೊಂಡಿತ್ತೆಂದರೆ ಗೂಟದ ಹಂಗಿಲ್ಲದೆ ಮೂಲೆಯಲ್ಲಿ ತಾನೇ ನಿಲ್ಲುತ್ತಿತ್ತು. ಒಮ್ಮೆ ನಮ್ಮ ಅಕ್ಕ, ಅಂದರೆ ಅವರ ಹೆಂಡತಿ, ಮಬ್ಬುಗತ್ತಲಲ್ಲಿ ಆ ಕೋಟಿಗೇ ಮನೆಯ ಕಷ್ಟಸುಖವನ್ನೆಲ್ಲ ಹೇಳಿಕೊಂಡಿದ್ದಳಂತೆ. ಉತ್ತರ ಬರದಿದ್ದರೂ ಅವಳಿಗೆ ಅನುಮಾನವೇ ಬರಲಿಲ್ಲ.

ಇಂಥ ಮಹಾನುಭಾವರು ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಎಣಿಕೆ ತಪ್ಪಿದರು. ಅಕ್ಕನನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಮ್ಮ ದೊಡ್ಡಮ್ಮನ ಮನೆಗೆ ಹೊರಟವರು, ಊರಂಚಿನ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದ್ದಾರೆ. ಅಕ್ಕ ಇಳಿದು ನೀರು ಕುಡಿಯಲು ಹೋಗಿದ್ದಾಳೆ. ಭಾವ ಟ್ಯಾಂಕಿನ ಮುಚ್ಚಳವನ್ನು ಎಣಿಸಿ ಮೂರು ಸುತ್ತು ತಿರುಗಿಸಿ, ಹ್ಯಾಂಡಲ್ಲಿನ ಚೀಲಗಳು ಎರಡೂ ಇವೆಯೆಂದು ಖಚಿತಪಡಿಸಿಕೊಂಡು, ಹೊರಟೇಬಿಟ್ಟರು. ಮುಂದಿನ ನಲವತ್ತು ಕಿಲೋಮೀಟರ್ ಉದ್ದಕ್ಕೂ, ಗೆದ್ದಲು ತಿಂದ ನಿಘಂಟೊಂದನ್ನು ತಾವು ಬದುಕಿಸಿದ ಕಥೆಯನ್ನು ಬೆನ್ನ ಹಿಂದಿನ ಶೂನ್ಯಕ್ಕೆ ಸವಿಸ್ತಾರವಾಗಿ ನಿವೇದಿಸುತ್ತಾ ಸಾಗಿದರು. ದೊಡ್ಡಮ್ಮ ಬಾಗಿಲು ತೆಗೆದು "ಒಬ್ರೇ ಬಂದ್ರಾ?" ಎಂದಾಗಲೇ ಅವರು ತಿರುಗಿ ನೋಡಿದ್ದು. ಆ ವಿಷಯ ಎತ್ತಿದಾಗಲೆಲ್ಲ ನನ್ನ ಬಳಿ, ಅಷ್ಟು ದೂರ ಒಂದೂ ಎದುರುಮಾತು ಬರಲಿಲ್ಲ, ನನಗೆ ಅಲ್ಲೇ ಅನುಮಾನ ಬರಬೇಕಿತ್ತು ಎನ್ನುತ್ತಿದ್ದರು.

ಅವರು ಬಂಕಿಗೆ ಮರಳುವಷ್ಟರಲ್ಲಿ ಅಕ್ಕ ಬಸ್ಸು ಹಿಡಿದು ಮನೆ ಸೇರಿದ್ದಳು. ಅಷ್ಟಕ್ಕೇ ಆಗಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತೇನೋ. ಆದರೆ ಭಾವ ಮನೆಗೆ ಬಂದವರೇ, ಇಳಿಯುವವರು ಹೇಳಿ ಇಳಿಯಬೇಕಪ್ಪ ಎಂದುಬಿಟ್ಟರು. ಅಕ್ಕ ಬಹಳ ಶಾಂತವಾಗಿ ಕೇಳಿದಳು: "ಪುಸ್ತಕದಿಂದ ಹಾಳೆ ಉದುರಿದ್ರೆ, ಹಾಳೇನೇ ಬಂದು ಹೇಳ್ಬೇಕಾ?" ಇನ್ನು ಜನ್ಮದಲ್ಲಿ ಆ ಗಾಡಿ ಹತ್ತುವುದಿಲ್ಲವೆಂದಳು. ಹಾಗಾದರೆ ನಾನೂ ಹತ್ತುವುದಿಲ್ಲವೆಂದು ಭಾವ ಗಾಡಿಯನ್ನು ಹಿತ್ತಿಲ ಚಪ್ಪರದಡಿ ತಳ್ಳಿ, ಟಾರ್ಪಾಲು ಹೊದಿಸಿ, ಮರುದಿನದಿಂದ ಹೆಜ್ಜೆ ಎಣಿಸತೊಡಗಿದರು. ಇಬ್ಬರದ್ದೂ ಹಿಡಿದ ಮೊಲಕ್ಕೆ ಮೂರೇ ಕಾಲು.

ನಿವೃತ್ತಿಯಾದ ವಾರವೇ ಭಾವ ನನ್ನನ್ನು ಹಿತ್ತಿಲಿಗೆ ಕರೆದು ಟಾರ್ಪಾಲು ಸರಿಸಿದರು. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು, ದೀಪದ ಬುರುಡೆಯಲ್ಲಿ ಕಣಜದ ಗೂಡಿತ್ತು, ಚಕ್ರಗಳೆರಡೂ ನೆಲಕ್ಕೆ ಬೇರು ಬಿಟ್ಟಂತೆ ಕೂತಿದ್ದವು. ಇದನ್ನು ಮೊದಲಿನಂತೆ ಮಾಡಿ ನಿಮ್ಮಕ್ಕನನ್ನು ಇನ್ನೊಂದೇ ಒಂದು ಸಲ ಹಿಂದೆ ಕೂರಿಸಿಕೊಂಡು ಹೋಗಬೇಕು, ಅಷ್ಟಾದರೆ ಸಾಕು ಎಂದರು. ಅದನ್ನು ಅಕ್ಕನಿಗೇ ಹೇಳಬಾರದೇ ಎಂದದ್ದಕ್ಕೆ, ಮೊದಲು ಕೆಲಸ ಆಗಲಿ ಎಂದು ಮುಖ ತಿರುಗಿಸಿದರು.

ಕೆಲಸ ಶುರುವಾಗಲು ಮೂರು ವಾರ ಹಿಡಿಯಿತು. ಬಿಡಿಭಾಗಗಳ ಹೆಸರು ಬರೆದಿಡಲು ಪುಸ್ತಕ ಬೇಕಲ್ಲ, ಆ ಪುಸ್ತಕವನ್ನು ಅವರು ಮೊದಲು ಹೊಲಿದು, ರಟ್ಟು ಕಟ್ಟಿ, ಒಣಗಿಸಬೇಕಿತ್ತು! ಆಮೇಲೆ ಒಂದೊಂದೇ ತಿರುಪು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ತುಕ್ಕು ಉಜ್ಜಿ, ಕಾಗದದಲ್ಲಿ ಸುತ್ತಿ, ಸಂಖ್ಯೆ ಬರೆದು ಮನೆಯೊಳಗೆ ತಂದಿಟ್ಟರು. ಕಾರ್ಬೊರೇಟರ್ ಬಟ್ಟೆಯ ಬೀರುವಿಗೆ ಸೇರಿತು. ಚಕ್ರದ ಕಡ್ಡಿಗಳು ಹೂದಾನಿಯಲ್ಲಿ ನಿಂತವು. ಅಕ್ಕ ಸ್ನಾನಕ್ಕೆ ಹೋಗಬೇಕಾದರೆ ಬಕೆಟ್ಟಿನಲ್ಲಿ ನೆನೆಯುತ್ತಿದ್ದ ಚೈನನ್ನು ಮೊದಲು ಎಬ್ಬಿಸಬೇಕಿತ್ತು. ಸೊಟ್ಟಗಾದ ಮಡ್‌ಗಾರ್ಡನ್ನು ಭಾವ ಪುಸ್ತಕ ಒತ್ತುವ ಯಂತ್ರಕ್ಕೆ ಕೊಟ್ಟು ಎರಡು ದಿನ ಬಿಗಿದಿಟ್ಟರು. ಅದು ಹಾಳೆಯಂತೆ ಚಪ್ಪಟೆಯಾಗಿ ಹೊರಬಂತು. ಅದನ್ನು ಮತ್ತೆ ಬಾಗಿಸಲು ಹೊರಗೆ ಕೊಡಬೇಕಾಯಿತು.

ಸೀಟಿನ ವಿಷಯದಲ್ಲಿ ಅವರ ವಿದ್ಯೆಯೇ ಅವರಿಗೆ ಮುಳುವಾಯಿತು. ಕೆಂಪು ಚರ್ಮವನ್ನು ರಟ್ಟಿನ ಹೊಲಿಗೆಯಲ್ಲೇ ಹೊಲಿದು, ಅಂಚಿಗೆ ಚಿನ್ನದ ಗೆರೆ ಎಳೆದು, ಒಳಗೆ ಮೈದಾ ಅಂಟಿನಿಂದ ಭದ್ರಪಡಿಸಿದ್ದರು. ಹುಳುಹುಪ್ಪಟೆ, ಇಲಿ ಬಾರದಿರಲೆಂದು ರಟ್ಟು ಕಟ್ಟುವವರು ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಮರೆಯದ ಆ ಚಿಟಿಕೆಯನ್ನು ಭಾವ ಹೆಂಡತಿಯ ಸೀಟಿಗೆ ಮಾತ್ರ ಸಂಭ್ರಮದಲ್ಲಿ ಮರೆತರು. ಹಿತ್ತಿಲ ಇಲಿಗಳು ಬಂಧುಬಳಗವನ್ನೂ ಕರೆತಂದು ಔತಣ ಮುಗಿಸಿದವು. ಅಡುಗೆಮನೆಯಿಂದ ಅಕ್ಕ, ಹಳೇ ಬಾಡಿಗೆಯವರು ವಾಪಸ್ಸು ಬಂದಿದ್ದಾರೆ ಅಂತ ನಿಮ್ಮ ಭಾವನಿಗೆ ಹೇಳು ಎಂದಳು. ಹೇಳಲು ಹೊರಟ ನಾನು, ಅಡುಗೆಮನೆಯ ಬಾಗಿಲಿಗೆ ಅವಳು ಒತ್ತು ಕೊಟ್ಟಿದ್ದ, ಹೂವಿನ ಬಟ್ಟೆ ಹೊಲಿದ ಗಟ್ಟಿ ಗೊಂಬೆಯಂಥದ್ದೊಂದನ್ನು ಎಂದಿನಂತೆ ಎಡವಿ ಕಾಲ್ಬೆರಳು ನೋಯಿಸಿಕೊಂಡೆ.

ಎಂಟು ತಿಂಗಳಿಗೆ ಗಾಡಿ ಮರಳಿ ಗಾಡಿಯಾಯಿತು. ಹೊಸ ಸೀಟು ಬಂತು, ಎಂಜಿನ್ ಮೂರನೆಯ ಒದೆತಕ್ಕೆ ಗುಡುಗಿ ನೆರೆಮನೆಯ ಬೆಕ್ಕನ್ನು ಗೋಡೆ ಹತ್ತಿಸಿತು. ಆದರೆ ಭಾವನ ಮುಖದಲ್ಲಿ ಕಳೆಯಿಲ್ಲ. ಗಾಡಿಯ ಜೊತೆ ಬಂದಿದ್ದ ಹಳೆಯ ಕೈಪಿಡಿಯಲ್ಲಿ ಬಿಡಿಭಾಗಗಳು ಆರುನೂರ ಹದಿಮೂರು. ಅವರ ಪುಸ್ತಕದಲ್ಲಿ ಆರುನೂರ ಹನ್ನೆರಡು. ಇಲ್ಲದಿದ್ದದ್ದು ಎಡಗಡೆ ಹಿಂದೆ ಕೂರುವವರು ಕಾಲೂರುವ, ರಬ್ಬರು ಹೊದಿಸಿದ ಕಬ್ಬಿಣದ ತುಂಡು. ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತದೆ, ಹೊಸದೊಂದು ಹಾಕಿಸಿ ಎಂದೆ. ಒಂದು ಪುಸ್ತಕದ ಹಾಳೆ ಕಳೆದರೆ ಇನ್ನೊಂದರ ಹಾಳೆ ಕಿತ್ತು ಸೇರಿಸುವ ಪಾಪ ತಮ್ಮಿಂದಾಗದು ಎಂದರು. ಇಲಿಗಳ ಮೇಲೆ ಸಂಶಯಪಟ್ಟರು, ಕೊನೆಗೆ ನನ್ನ ಮೇಲೂ ಪಟ್ಟರು. ಅಕ್ಕ ಮಾತ್ರ ಅಡುಗೆಮನೆಯಿಂದ ಎಲ್ಲವನ್ನೂ ನೋಡುತ್ತಿದ್ದಳು.

ಆ ಭಾನುವಾರದ ಗಡಿಬಿಡಿಯಲ್ಲೇ ಎಲ್ಲೋ ಕಳಚಿ ಬಿದ್ದಿರಬೇಕೆಂದು ಅವರ ತರ್ಕ. ಹನ್ನೊಂದು ವರ್ಷದ ಹಿಂದೆ ಬಿದ್ದ ಕಬ್ಬಿಣ ಇನ್ನೂ ರಸ್ತೆಬದಿಯಲ್ಲಿ ಇವರಿಗಾಗಿ ಕಾದಿರುತ್ತದೆಂದು ನಂಬಲು ಭಾವನೇ ಬೇಕು. ಒಂದು ಬೆಳಗ್ಗೆ ಕೋಲು ಹಿಡಿದು, ಪೊದೆ ಕೆದಕುತ್ತಾ, ಹೆಜ್ಜೆ ಎಣಿಸುತ್ತಾ ಬಂಕಿನವರೆಗೂ ನಡೆದುಹೋದರು. ಏನೂ ಸಿಗಲಿಲ್ಲ. ಮರಳಿ ನಡೆಯಲು ಮಂಡಿ ಒಪ್ಪಲಿಲ್ಲ. ಬಸ್ಸು ಎರಡು ಗಂಟೆಗೊಂದು. ಬಂಕಿನ ಎದುರಿನ ಸಿಮೆಂಟು ಬೆಂಚಿನ ಮೇಲೆ, ನೆರಳಿಲ್ಲದೆ, ಅವರು ಒಬ್ಬರೇ ಕೂತರು. ಆವತ್ತು ಅಕ್ಕ ಕೂತಿದ್ದೂ ಅಲ್ಲೇ. ಬೇರೆ ಕೆಲಸವಿಲ್ಲದ್ದರಿಂದ ಹೋಗುವ ಗಾಡಿಗಳನ್ನು ಎಣಿಸಿದರು.

ಮಧ್ಯಾಹ್ನ ನಾನು ಅವರ ಮನೆಯಲ್ಲೇ ಇದ್ದೆ. ಭಾವ ಒಳಗೆ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ಬಾಗಿಲ ಬಳಿ ನಿಂತರು. ಬಿಸಿಲಿಗೆ ಮುಖ ಕೆಂಪೇರಿತ್ತು. ಸಿಕ್ಕಿತಾ ಎಂದು ಅಕ್ಕ ಕೇಳಿದಳು.

"ಬಸ್ಸು ಬರೋಷ್ಟರಲ್ಲಿ ಇನ್ನೂರ ನಲವತ್ತು ಗಾಡಿ ಹೋದ್ವು," ಎಂದರು. "ಆವತ್ತು ನೀನು ಪ್ರತಿಯೊಂದನ್ನೂ ನಾನೇ ಅಂದ್ಕೊಂಡು ನೋಡಿರ್ತೀಯ. ತಪ್ಪು ನಂದು."

ಅಕ್ಕ ಸೌಟು ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು, ಆಮೇಲೆ ಕಣ್ಣನ್ನೂ. ಬಾಗಿಲ ಬುಡಕ್ಕೆ ಬಗ್ಗಿ ಆ ಹೂವಿನ ಬಟ್ಟೆಯ ಗೊಂಬೆಯನ್ನು ಎತ್ತಿ, ಹಲ್ಲಿನಿಂದ ದಾರ ಕಡಿದು ಬಟ್ಟೆ ಸುಲಿದಳು. ಹನ್ನೊಂದು ವರ್ಷದಿಂದ ತೆರೆದೇ ಇದ್ದ ಬಾಗಿಲು ಕಿರ್ರೆಂದು ತಾನಾಗಿ ಮುಚ್ಚಿಕೊಂಡಿತು. ಅವಳ ಕೈಯಲ್ಲಿದ್ದದ್ದು ರಬ್ಬರಿನ ಮೇಲೆ ಒಂದು ಗೀರೂ ಇಲ್ಲದ ಆರುನೂರ ಹದಿಮೂರನೆಯ ಬಿಡಿಭಾಗ. ಜಗಳದ ಮರುದಿನವೇ ಅವಳು ಅದನ್ನು ಬಿಚ್ಚಿ ತಂದಿದ್ದಳು. ಭಾವ ದಿನವೂ, ನಾನು ಬಂದಾಗಲೆಲ್ಲ, ಅದನ್ನು ದಾಟಿಯೇ ಊಟಕ್ಕೆ ಹೋಗುತ್ತಿದ್ದೆವು.

"ಇದನ್ನೂ ಸೇರಿಸ್ಕೊಳ್ಳಿ," ಎಂದಳು ಅಕ್ಕ. "ಊಟ ಆದ್ಮೇಲೆ ಹೊರಡೋಣ."

ಸಂಜೆ ಹೊರಟರು. ಬೀದಿಯ ತಿರುವು ತಲುಪುವ ಮೊದಲೇ ಭಾವ ಮೂರು ಸಲ ನಿಲ್ಲಿಸಿ ಹಿಂತಿರುಗಿ ನೋಡಿದರು. ಮೂರನೆಯ ಸಲಕ್ಕೆ ಅಕ್ಕ ಅವರ ಬೆನ್ನಿಗೊಂದು ಗುದ್ದಿದಳು. ಆಮೇಲೆ ಆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

ತಪ್ಪೊಪ್ಪಿಕೊಳ್ಳದವರನ್ನು ನಾವು ಕಲ್ಲೆದೆಯವರೆಂದು ಬೈಯುತ್ತೇವೆ. ನಾನೂ ಭಾವನನ್ನು ಮನಸ್ಸಿನಲ್ಲಿ ಎಷ್ಟೋ ಸಲ ಹಾಗೆ ಬೈದಿದ್ದೇನೆ, ಈಗ ನಾಚಿಕೆಯಾಗುತ್ತದೆ. ಅವರಂಥವರಿಗೆ ಎದೆಯಲ್ಲಿ ಮಾತಿಲ್ಲವೆಂದಲ್ಲ. ಅಲ್ಲಿಗೆ ಹೋಗುವ ದಾರಿ ಅವರ ಕೈಗಳಿಗೆ ಮಾತ್ರ ಗೊತ್ತು, ಮತ್ತು ಕೈಗಳು ಯಾವತ್ತೂ ಬಳಸುದಾರಿಯಲ್ಲೇ ಹೋಗುತ್ತವೆ. ಆರುನೂರ ಹನ್ನೆರಡು ತುಕ್ಕುಹಿಡಿದ ಭಾಗಗಳನ್ನು ಬಿಚ್ಚಿ, ತೊಳೆದು, ಉಜ್ಜಿದ ಮೇಲೆಯೇ ಇಂಥವರು ಆ ಒಂದಕ್ಕೆ ಬಂದು ತಲುಪುವುದು. ಅಲ್ಲಿಯವರೆಗೆ ಅದನ್ನು ಯಾರಾದರೂ ಬಟ್ಟೆ ಸುತ್ತಿ ಜೋಪಾನವಾಗಿ ಇಟ್ಟಿರಬೇಕು, ಅಷ್ಟೆ.