ಖಾಲಿ ಉಳಿದ ಚೌಕ

ಕಂಪ್ಯೂಟರ್ ಕೊಂಡ ಅರವತ್ತನೇ ದಿನಕ್ಕೆ ಅದರೊಳಗಿನ ಆಫೀಸ್ ತಂತ್ರಾಂಶ ಕೈಕೊಟ್ಟಿತು. ಬರೆದದ್ದನ್ನು ಓದಬಹುದು, ದುಡ್ಡು ಕಟ್ಟದೆ ಒಂದಕ್ಷರ ಸೇರಿಸುವ ಹಾಗಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಬರೆಯುತ್ತಿದ್ದದ್ದು ಅತ್ತೆಯ ಊರನ್ನು. ಅನಗವಾಡಿಯ ಆಚೆಗಿದ್ದ ಆ ಊರು ಹಿನ್ನೀರಿನಲ್ಲಿ ಮುಳುಗಿ, ಗಂಡನ ಮನೆಯವರು ಬೀಳಗಿಗೆ ಬಂದು ಎಂಟು ವರ್ಷವಾಗಿತ್ತು. ಬೀರಪ್ಪನ ಹಬ್ಬಕ್ಕೆ ಅರಿಷಿಣದ ಭಂಡಾರ ಹೊತ್ತು ಮನೆಮನೆಗೆ ಹೋಗುತ್ತಿದ್ದವಳು ಅತ್ತೆ ಮುದಕವ್ವ. ಯಾವ ಮನೆಯ ಪಕ್ಕ ಯಾವ ಮನೆ ಎಂಬುದು ಅವಳೊಬ್ಬಳಿಗೇ ಪೂರ್ತಿ ಗೊತ್ತು. ಈಗ ಅವಳಿಗೂ ಮರೆವು ಶುರುವಾಗಿತ್ತು.

"ರೊಕ್ಕಾ ಕೊಟ್ಟದ್ದ ತರೋಣು. ಮುಂದಿನ ತಿಂಗಳ ಬಾಗಲಕೋಟಿಗೆ ಹೋಗೂದೈತಿ," ಎಂದ ಗಂಡ ಗುರುಪಾದ.

"ಅಷ್ಟೊತ್ತಿಗೆ ಅತ್ತಿಗೆ ಎಷ್ಟ ಮನಿ ನೆನಪ ಉಳಿದಿರ್ತಾವರಿ?" ಎಂದೆ. ನನ್ನ ಶಾಲೆಯ ಟೀಚರೊಬ್ಬರು ಪುಕ್ಕಟೆ ತಂತ್ರಾಂಶದ ಸಿ.ಡಿ. ಕೊಟ್ಟಿದ್ದರು.

"ಪುಕ್ಕಟ ಅಂದ್ರ ಒಳಗ ಏನರ ತಿಂತೈತಿ, ಭಾಗ್ಯಾ. ಒಂದ ಮನಿ ಹೋತಂದ್ರ ತಗದ ಒಗೀತೀನಿ, ನೋಡ."

ಅತ್ತೆ ಹೊರಸಿನ ಮೇಲೆ ಮಲಗಿದ್ದಲ್ಲಿಂದಲೇ ಕೇಳಿದಳು: "ಯಾರ ಕೊಟ್ಟಾರ ಪುಕ್ಕಟ?"

"ಎಲ್ಲೆಲ್ಲ್ಯೋ ಇರೋ ಮಂದಿ ಕೂಡಿ ಮಾಡ್ಯಾರ್ರಿ ಅತ್ತಿ. ತಮಗ ಬಂದಷ್ಟು ಹಾಕ್ಯಾರ."

"ಭಂಡಾರದಂಗ ಅನ್ನು. ಮನಿಗೊಂದ ಹಿಡಿ ಅರಿಷಿಣ, ಎಲ್ಲಾರ ಹಣಿಗೂ ಅದ. ಅದಕ್ಕ ಯಾರರ ರೊಕ್ಕಾ ಕೇಳ್ತಾರೇನ?"

ನಾನು ಸಿ.ಡಿ. ಹಾಕಿಯೇಬಿಟ್ಟೆ. ಪರದೆಯ ತುಂಬ ಖಾಲಿ ಚೌಕಗಳ ಹಾಳೆ ತೆರೆಯಿತು. ಓದು ಬಾರದ ಅತ್ತೆ ಎದ್ದು ಬಂದು ಕಣ್ಣರಳಿಸಿದಳು.

"ಓಣಿ ಅದಾವಲ್ಲಬೇ ಇಲ್ಲಿ!"

ಬೆರಳಿಟ್ಟು ನಡೆಯತೊಡಗಿದಳು. "ಇದು ಯಮನಪ್ಪನ ಮನಿ. ಇದು ಶಿವಯೋಗೆಪ್ಪಂದು, ಬಾಗಲಾ ಗಿಡ್ಡ," ಎನ್ನುತ್ತ ಕುರ್ಚಿಯಲ್ಲಿ ಕೂತೇ ತಲೆ ಬಗ್ಗಿಸಿದಳು. ಬಾವಿ ಬಂದಲ್ಲಿ ಸುತ್ತಿ ಹೋದಳು. ನಿನ್ನೆ ಎಷ್ಟು ಕೇಳಿದರೂ ಬಾರದ ಹೆಸರುಗಳು ಇಂದು ಬಾಗಿಲು ತೆರೆದು ಹೊರಗೆ ಬಂದವು. ಊರು ಮುಳುಗಿದ ಮೇಲೆ ಮದುವೆಯಾಗಿ ಬಂದ ನಾನು ಅದನ್ನು ಕಣ್ಣಾರೆ ಕಂಡವಳಲ್ಲ. ಅದು ನೀರಿನಿಂದೆದ್ದು ನನ್ನ ಮುಂದೆ ಓಣಿ ಓಣಿಯಾಗಿ ನಿಲ್ಲುತ್ತಿದ್ದರೆ ಟೈಪು ಮಾಡುವುದನ್ನೇ ಎರಡು ಸಲ ಮರೆತೆ. ದೀಪ ಹಚ್ಚುವ ಹೊತ್ತಿಗೆ ನೂರಾ ಹನ್ನೆರಡು ಮನೆ ಮುಗಿದವು.

ಗುರುಪಾದ ಬಂದು ಕೂತು ಒಂದೊಂದೇ ಚೌಕ ನೋಡಿದ. ಕಸ್ತೂರೆವ್ವನ ಮನೆಗೂ ಮರೆವ್ವನ ಮನೆಗೂ ನಡುವೆ ಅವನ ಬೆರಳು ನಿಂತಿತು. ಅಲ್ಲೊಂದು ಚೌಕ ಖಾಲಿ.

"ಇದು ನಮ್ಮ ಮನಿ! ನಾ ಹುಟ್ಟಿದ ಮನಿ! ಹೇಳಿದ್ನಿಲ್ಲ, ತಿಂದಬಿಡ್ತು!"

ಅತ್ತೆ ಆ ಚೌಕದಲ್ಲಿ ಏನೂ ಹೇಳಿರಲಿಲ್ಲ. ತಂತ್ರಾಂಶ ತಿಂದಿರಲಿಲ್ಲ, ಅತ್ತೆಯೇ ತನ್ನ ಮನೆ ಮರೆತಿದ್ದಾಳೆ ಅನ್ನಿಸಿತು. ಅದನ್ನು ಅವಳ ಎದುರಿಗೆ ಹೇಗೆ ಹೇಳಲಿ?

ಮುದಕವ್ವ ನಕ್ಕಳು. "ಲೇ ಗುರುಪಾದ, ಭಂಡಾರ ಹೊತ್ತಾಕಿ ಊರ ಮುಗಿಯೂದರಾಗ ತನ್ನ ಹೊಸ್ತಿಲಾ ತುಳೀತಾಳೇನೋ? ದಾಟಿ ಹೋಗಬೇಕು. ಎಲ್ಲಾರದೂ ಆದ ಮ್ಯಾಲ ತನ್ನ ಮನಿ."

ಅತ್ತೆ ನನ್ನ ಕಡೆ ತಿರುಗಿದಳು.

"ಎಲ್ಲಾರದೂ ಆತಿಲ್ಲೋ?"

"ಆತ್ರಿ ಅತ್ತಿ."

ತಲೆ ಮೇಲೆ ಸೆರಗು ಹೊದ್ದು, ದೇವರ ಮುಂದಿನ ಭಂಡಾರದಲ್ಲಿ ಬೆರಳದ್ದಿ, ಆ ಖಾಲಿ ಚೌಕದ ಮೇಲೆ ಇಟ್ಟಳು.

"ನಡೀರಿ, ಮನಿಗೆ ಬಂದ್ವಿ," ಎಂದಳು.

ಗುರುಪಾದ ಪರದೆಯ ಮೇಲಿನ ಆ ಹಳದಿ ಬೊಟ್ಟನ್ನು ಮುಟ್ಟಿ ತನ್ನ ಹಣೆಗೆ ಹಚ್ಚಿಕೊಂಡ.