ಚರ್ಮ ಸುಲಿಯುವ ಪದ

೨೦೧೪ರ ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನಿಘಂಟು ಕಚೇರಿಯ ಪರಿಶೀಲಕ ತನ್ನ ಅಕ್ಕನ ಪ್ರಯೋಗಾಲಯದ ಬಾಗಿಲು ತಳ್ಳಿದ. ಕೈಯಲ್ಲಿ ಎರಡು ಹಾಳೆಗಳಿದ್ದವು. ಒಂದರಲ್ಲಿ ‘ಎಕ್ಸ್‌ಕೋರಿಯೇಟ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ಹೊಸ ಸಹಾಯಕಿ ಬರೆದ ಅರ್ಥ. ಇನ್ನೊಂದು, ಅವಳ ಕೆಲಸದ ಬಗ್ಗೆ ಇವನದೇ ವರದಿ. ಐದು ಗಂಟೆಗೆ ಅದು ಪ್ರಧಾನ ಸಂಪಾದಕರ ಮೇಜು ಸೇರಿದರೆ ಅವಳ ನೌಕರಿ ಕಾಯಂ ಆಗುವ ಮಾತು ಅಲ್ಲಿಗೇ ಮುಗಿಯಿತು.

“ಅಕ್ಕಾ, ಇದನ್ನ ಓದಿ ಸ್ವಲ್ಪ ನಗು. ‘ಕೆರೆದು ಚರ್ಮ ಕಿತ್ತುಬರುವಂತೆ ಮಾಡು’ ಅಂತೆ! ಉಗ್ರವಾಗಿ ಟೀಕಿಸು, ಹಿಗ್ಗಾಮುಗ್ಗಾ ಜಾಡಿಸು ಅಂತಲ್ವಾ ಇರ್ಬೇಕಾದ್ದು?”

ಚರ್ಮರೋಗಗಳ ಮಾದರಿ ಪರೀಕ್ಷಿಸುವುದೇ ಅಕ್ಕನ ಕೆಲಸ. ಅವಳು ಎರಡೂ ಹಾಳೆ ಓದಿದಳು. ನಗಲಿಲ್ಲ.

“‘ಈಕೆಗೆ ಇಂಗ್ಲಿಷೂ ಬಾರದು, ಕನ್ನಡವೂ ಬಾರದು.’ ಪಾಪ, ಚೆನ್ನಾಗಿ ನೀರಿಳಿಸಿದ್ದೀಯ.”

“ತಪ್ಪು ಮಾಡಿದೋರಿಗೆ ಗ್ರಹಚಾರ ಬಿಡಿಸ್ಬೇಕೋ ಬೇಡ್ವೋ?”

“ಮೊದ್ಲು ನಿಂದು ಬಿಡಿಸ್ತೀನಿ ಬಾ. ತುರಿಕೆ ತಡೀಲಾರ್ದೆ ಕೆರ್ಕೊಂಡು ಬರ್ತಾರಲ್ಲ, ಅವರ ವರದೀಲಿ ನಾನು ದಿನಾ ಬರಿಯೋ ಪದ ಇದು. ಅವಳು ಅರ್ಧ ಸರಿ, ನೀನೂ ಅರ್ಧ ಸರಿ. ಅವಳದ್ದು ಹಳೇ ಅರ್ಧ ಕಣೋ.”

ಹಾಗೆ ಕೆರೆದುಕೊಂಡವರೊಬ್ಬರ ಚರ್ಮದ ಮಾದರಿಯಿದ್ದ ಗಾಜಿನ ಪಟ್ಟಿಯೊಂದನ್ನು ಅಕ್ಕ ಸೂಕ್ಷ್ಮದರ್ಶಕದಡಿ ಇಟ್ಟಳು. ಅವನು ಬಗ್ಗಿ ಕಣ್ಣಿಟ್ಟ.

ಕೆಳಗೆ ತಿಳಿಗುಲಾಬಿ ಎಳೆಗಳು. ಅವುಗಳ ಮೇಲೆ ಒಂದಕ್ಕೊಂದು ಒತ್ತಿಕೊಂಡ ನೇರಳೆ ಕೋಶಗಳ ಸಾಲುಗಳು. ಎಲ್ಲಕ್ಕೂ ಮೇಲೆ, ಬುಟ್ಟಿ ಹೆಣೆದಂತೆ, ಸತ್ತ ಕೋಶಗಳ ಪೊರೆ. ಪಟ್ಟಿಯನ್ನು ತುಸು ಸರಿಸಿದ. ಸಾಲುಗಳು ತಟಕ್ಕನೆ ನಿಂತವು, ಹೊಳೆಯ ದಂಡೆ ಕುಸಿದ ಹಾಗೆ. ಅಲ್ಲಿ ಉಗುರು ಓಡಿತ್ತು. ತಳದಲ್ಲಿ ರಕ್ತದ ಕಣಗಳು ಬಯಲಿಗೆ ಬಿದ್ದಿದ್ದವು.

“ಮೈಯೊಳಗಿನ ನೀರು ಆರದ ಹಾಗೆ, ಹೊರಗಿನ ವಿಷ ಇಳಿಯದ ಹಾಗೆ ಕಾಯೋದು ಆ ಮೇಲಿನ ಪದರ,” ಎಂದಳು ಅಕ್ಕ.

“ಇಷ್ಟು ತೆಳು ಪೊರೆ, ಇಷ್ಟೇನಾ?”

“ಇಷ್ಟೇ. ನಂದೂ, ನಿಂದೂ, ಆ ಹುಡುಗೀದೂ.”

ಅವನ ತೋಳಿನ ರೋಮ ನೆಟ್ಟಗಾಯಿತು. ಲ್ಯಾಟಿನ್ನಿನಲ್ಲಿ ‘ಎಕ್ಸ್’ ಎಂದರೆ ಹೊರಗೆ, ‘ಕೋರಿಯಂ’ ಎಂದರೆ ಚರ್ಮ. ಇದು ಅವನಿಗೆ ಗೊತ್ತಿದ್ದದ್ದೇ. ಶಾಲೆಯ ಮೇಷ್ಟ್ರು ‘ಚರ್ಮ ಸುಲೀತೀನಿ’ ಎಂದು ಗದರಿದ್ದೂ ನೆನಪಿತ್ತು. ಇವೆರಡನ್ನೂ ಅವನು ಒಂದು ದಿನವೂ ಜೊತೆಗಿಟ್ಟು ನೋಡಿರಲಿಲ್ಲ. ಆ ಭಾಷೆಯವರು, ಈ ಭಾಷೆಯವರು, ಒಬ್ಬರ ಮುಖ ಒಬ್ಬರು ಕಾಣದ ಜನ, ಮಾತಿನ ಏಟು ಬೀಳುವ ಜಾಗವನ್ನು ಎಷ್ಟು ಕರಾರುವಾಕ್ಕಾಗಿ ಹುಡುಕಿದ್ದರು!

ಅಲ್ಲೇ ಕುಳಿತು ವರದಿಯನ್ನು ಹರಿದು ಬೇರೆ ಬರೆದ: ‘ಮೊದಲ ಅರ್ಥ ಸರಿಯಿದೆ. ಎರಡನೆಯದಾಗಿ, ಮಾತಿನಿಂದ ಚರ್ಮ ಸುಲಿ, ಉಗ್ರವಾಗಿ ಟೀಕಿಸು ಎಂದು ಸೇರಬೇಕು. ಸಹಾಯಕಿಯನ್ನು ಕಾಯಂ ಮಾಡಬಹುದು.’

“ಹೊರಡು, ಐದಾಗತ್ತೆ.”

“ಒಂದ್ನಿಮಿಷ ಅಕ್ಕಾ. ಆ ಪದರದ ದಪ್ಪ ಅಳೆದು ಹೇಳು.”

ಅಕ್ಕ ಕಣ್ಣಿಟ್ಟು, ಮಸೂರದೊಳಗಿನ ಗೀಟುಗಳನ್ನು ಪದರಕ್ಕೆ ಹೊಂದಿಸಿ ಅಳೆದಳು: ೦.೦೨ ಮಿಲಿಮೀಟರ್.