ಹೊಸಬರ ಕಾಲು

ಮತ್ತೆ ಪೂರ್ತಿ ಒತ್ತಿಬಿಟ್ಟಳು, ಮೂರನೇ ಮಿಷನ್ನಿನವಳು, ಪೆಡಲ್ ಮೇಲೆ ಕಾಲಿಟ್ಟಳೆಂದರೆ ಇಡೀ ಮೈಭಾರ ಹಾಕಿಬಿಡುತ್ತಾಳೆ, ಮಿಷನ್ ಗರ್ರೆಂದು ಓಡುತ್ತದೆ, ಹೆದರಿ ಕಾಲು ತೆಗೆಯುತ್ತಾಳೆ, ನಿಲ್ಲುತ್ತದೆ, ಮತ್ತೆ ಒತ್ತುತ್ತಾಳೆ — ನಿಧಾನ ಕಣಮ್ಮಾ, ಹಿಮ್ಮಡಿ ನೆಲದ ಮೇಲಿರಲಿ, ಬೆರಳಲ್ಲಿ ಮಾತ್ರ ಒತ್ತು — ಎಷ್ಟು ಸಲ ಹೇಳಿದ್ದೇನೋ, ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ, ಹೊಸಬರ ಕಾಲೆಲ್ಲ ಒಂದೇ, ಹದಿನೆಂಟರವಳದ್ದಾಗಲಿ, ನಲವತ್ತು ದಾಟಿದ ಇವಳದ್ದಾಗಲಿ, ಅರ್ಧ ಒತ್ತುವುದು ಎನ್ನುವುದೊಂದಿದೆ ಎಂದೇ ಆ ಕಾಲಿಗೆ ಗೊತ್ತಿರುವುದಿಲ್ಲ, ಗೊತ್ತಾಗಲು ಎರಡು ತಿಂಗಳು ಬೇಕು, ಅದಕ್ಕೇ ಹೊಲಿಗೆ ತರಬೇತಿಗೆ ಹೊಸ ತಂಡ ಬಂದ ದಿನ ನಾನು ಯಾರ ಮುಖವನ್ನೂ ನೋಡುವುದಿಲ್ಲ, ಮೇಜಿನ ಕೆಳಗೆ ನೋಡುತ್ತೇನೆ, ನಾನು ಮಿಷನ್ ಮುಟ್ಟೇ ಇಲ್ಲ ಟೀಚರ್ ಎಂದು ನಾಚುತ್ತಾ ಹೇಳುವವಳು ಮನೆಯಲ್ಲಿ ಎಷ್ಟು ವರ್ಷ ಹೊಲಿದಿದ್ದಾಳೆ ಎಂದು ಅವಳ ಕಾಲು ಹೇಳಿಬಿಡುತ್ತದೆ, ಕೈಗೆ ಹೇಗೋ ದಡ್ಡತನ ಕಲಿಸಬಹುದು, ಕಾಲಿನ ನೆನಪು ಯಾರಿಗೂ ಬರುವುದಿಲ್ಲ. ನಿನ್ನೆ ಭಾನುವಾರ ಮಡಕೆ ಮಾಡುವ ಮಣ್ಣಿನ ತರಗತಿಯಲ್ಲಿ, ತಿಗರಿಯ ಪೆಡಲ್ ಮೇಲೆ, ಇವರ ಕಾಲು ನೋಡಿದೆ, ನಮ್ಮ ಯಜಮಾನರದ್ದು, ಬೂದು ಬಣ್ಣದ ಕಾಲುಚೀಲ, ಹೆಬ್ಬೆರಳ ಹತ್ತಿರ ನಾನೇ ರಫೂ ಮಾಡಿದ್ದು. ಹಿಮ್ಮಡಿ ನೆಲದ ಮೇಲಿತ್ತು.

ಹನ್ನೊಂದು ವರ್ಷದ ಹಿಂದಿನ ಮಾತು ಅದು, ಯಾವುದೋ ಪ್ರದರ್ಶನದಲ್ಲಿ ಒಬ್ಬ ಹೆಂಗಸು ಕರೆಂಟಿನ ತಿಗರಿ ಮುಂದೆ ಕೂತು ಮಣ್ಣಿನ ಮುದ್ದೆಯಿಂದ ಹೂಜಿ ಎಬ್ಬಿಸುತ್ತಿದ್ದಳು, ಸೊಂಟ ಹಿಡಿದುಕೊಳ್ಳುವವರೆಗೂ ನಿಂತು ನೋಡಿದೆವು, ಆಗ ಇವರೇ ಹೇಳಿದ್ದು, ಇಬ್ಬರೂ ರಿಟೈರ್ ಆದ್ಮೇಲೆ ಇದನ್ನೇ ಕಲಿಯೋಣ ಕಣೇ, ಒಟ್ಟಿಗೆ, ಅ ಆ ಇ ಈಯಿಂದ, ಅಲ್ಲಿ ನೀನು ಟೀಚರಲ್ಲ, ನಾನು ನಕ್ಷೆ ಬರೆಯೋನಲ್ಲ, ಇಬ್ಬರೂ ಶುದ್ಧ ದಡ್ಡರು. ಎರಡು ವರ್ಷದ ಹಿಂದೆ ಇವರು ನೀರು ಸರಬರಾಜು ಕಚೇರಿಯ ನಕ್ಷೆ ಮೇಜು ಬಿಟ್ಟು ಬಂದ ದಿನ ನಾನೇ ಕೇಳಿದ್ದೆ, ನೀವು ಬೇಕಾದ್ರೆ ಮೊದಲು ಸೇರಿಕೊಳ್ಳಿ, ಸುಮ್ಮನೆ ಮನೇಲಿ ಕೂತು ಏನು ಮಾಡ್ತೀರಿ, ಎಂದು — ಕೇಳಿದ್ದೆನಲ್ಲ, ನಾನೇನು ಬೇಡ ಅಂದಿದ್ದೆನೇ — ಅದಕ್ಕೆ ಇವರು, ಛೇ, ನೀನು ಬರೋವರೆಗೂ ನಾನು ಮಣ್ಣು ಮುಟ್ಟಲ್ಲ ಅಂದರು, ಅಷ್ಟು ಸಾಕಾಯಿತು ನನಗೆ, ಎರಡು ವರ್ಷ ಆ ಮಾತನ್ನು ಒಳಗಿಟ್ಟುಕೊಂಡು ಬೆಚ್ಚಗೆ ಇದ್ದೆ, ಹೋದ ತಿಂಗಳು ಪ್ರಿನ್ಸಿಪಾಲರು ಕರೆದು ಇನ್ನೊಂದು ವರ್ಷ ಇರಿ ಮೇಡಂ, ನಿಮ್ಮಂಥವರು ಎಲ್ಲಿ ಸಿಗ್ತಾರೆ ಅಂದಾಗ, ಇಲ್ಲ ಸರ್, ನಾವಿಬ್ಬರೂ ಒಂದು ಕಲಿಯೋದಿದೆ ಎಂದೆ, ಅರವತ್ತರ ಹೊಸ್ತಿಲಲ್ಲಿ ಮದುವೆ ಹೆಣ್ಣಿನಂತೆ ನಾಚಿಕೊಂಡು ಹೇಳಿದೆ, ಥೂ. ಇವರು ಮಂಗಳವಾರ ಶುಕ್ರವಾರ ಗ್ರಂಥಾಲಯ ಎನ್ನುತ್ತಿದ್ದರು, ಪುಸ್ತಕ ಮನೆಗೆ ಕೊಡಲ್ವಂತೆ, ಅಲ್ಲೇ ಓದಬೇಕಂತೆ, ಸರಿ, ಉಗುರು ಸಂದಿಯಲ್ಲಿ ಮಣ್ಣಿರುತ್ತಿತ್ತು, ಕೇಳಿದರೆ ಹೂವಿನ ಕುಂಡ ಸರಿ ಮಾಡ್ದೆ, ಅದೂ ಸರಿ, ಬಸ್ಸಿನಲ್ಲಿ ಎದುರು ಕೂತವರ ಅಂಗಿಯ ತೋಳು ಕೈಹೊಲಿಗೆಯೋ ಮಿಷನ್ ಹೊಲಿಗೆಯೋ ಎಂದು ಹೇಳಬಲ್ಲ ಈ ಕಣ್ಣಿಗೆ ನಮ್ಮ ಮನೆಯ ಕುಂಡಗಳು ಎರಡು ವರ್ಷದಿಂದ ಒಣಗಿ ಬಿರುಕು ಬಿಟ್ಟಿರುವುದು ಕಾಣಲಿಲ್ಲ.

ಮಣ್ಣಿನ ತರಗತಿಗೆ ಹೊಸಬರ ತಂಡ ಈಗಲೇ ಶುರುವಂತೆ, ನೀನು ರಿಟೈರ್ ಆಗೋಕೆ ಹತ್ತೊಂಬತ್ತು ದಿನ ಮುಂಚೆ ಆದರೇನು, ಬಾ, ಎಂದು ನಿನ್ನೆ ಇವರೇ ಕರೆದುಕೊಂಡು ಹೋದರು, ಹಳೇ ಗ್ಯಾರೇಜು ಅದು, ಎಂಟು ತಿಗರಿ, ಗೋಡೆಯುದ್ದಕ್ಕೂ ಹಲಗೆ ಮೇಲೆ ಒಣಗಲಿಟ್ಟ ಬಟ್ಟಲುಗಳು, ತಣ್ಣನೆಯ ಒದ್ದೆ ವಾಸನೆ, ಮಣ್ಣಿನ ಮೇಷ್ಟ್ರು ನನಗಿಂತ ಹದಿನೈದು ವರ್ಷವಾದರೂ ಚಿಕ್ಕವನು, ಗಡ್ಡದಲ್ಲೂ ಮಣ್ಣು, ಬನ್ನಿ ಅಮ್ಮ, ಬನ್ನಿ ಸರ್, ಮೊದಲ ಸಲಾನಾ, ಎಂದು ಇಬ್ಬರನ್ನೂ ಕೇಳಿದ, ಹೂಂ ಮೊದಲ ಸಲ ಎಂದರು ಇವರು, ನನಗಿಂತ ಮೊದಲು. ಇವರು ಎಡಚರು, ತಿಗರಿ ಎಡಚರಿಗೆ ಬೇರೆ ದಿಕ್ಕಿಗೆ ತಿರುಗಬೇಕಂತೆ, ಅದು ನನಗೆ ಆಮೇಲೆ ಗೊತ್ತಾಗಿದ್ದು, ಮೇಷ್ಟ್ರು ಏನೂ ಕೇಳದೆ ಇವರ ತಿಗರಿಯ ಕೆಳಗೆ ಬಗ್ಗಿ ಸ್ವಿಚ್ಚು ಆ ಕಡೆಗೆ ತಿರುಗಿಸಿ ಹೋದ. ನನ್ನ ಮಣ್ಣು ಕುಣಿಯುತ್ತಿತ್ತು, ಮಧ್ಯಕ್ಕೆ ಬಾ ಎಂದರೆ ಬರದು, ಮೊಣಕೈವರೆಗೂ ರಾಡಿ, ಬೆರಳ ಗಂಟುಗಳು ಚಳಿಗೆ ಸೆಟೆದುಕೊಂಡಿದ್ದವು, ಪಕ್ಕಕ್ಕೆ ತಿರುಗಿದರೆ ಇವರ ಕೈಯಲ್ಲಿ ಗೋಡೆ ಏಳುತ್ತಿದೆ, ತೆಳ್ಳಗೆ, ನೆಟ್ಟಗೆ, ಒಂದು ಗೇಣು, ಇವರಿಗೇ ಗೊತ್ತಿಲ್ಲದೆ ಏಳುತ್ತಿದೆ, ಮರೆತಿದ್ದರು ಪಾಪ, ಯಾಕೆ ಬಂದಿದ್ದೇವೆ ಎನ್ನುವುದನ್ನೇ ಮರೆತು ತುಟಿ ಕಚ್ಚಿಕೊಂಡು ಕೂತಿದ್ದರು, ಅಷ್ಟರಲ್ಲಿ ನಾನು ನೋಡುತ್ತಿರುವುದು ಕಂಡಿತು, ಕಂಡ ಕೂಡಲೇ ಎಡಗೈ ಹೆಬ್ಬೆರಳು ಒಳಗೆ ಹೋಯಿತು, ಗೋಡೆಗೆ, ಜಾರಿದ್ದಲ್ಲ, ಜಾರುವ ಬೆರಳು ಹಾಗೆ ಹೋಗುವುದಿಲ್ಲ, ಒತ್ತಿದರು, ಮಡಕೆ ಸೊಂಟ ಮುರಿದು ಮಲಗಿತು. ಅಯ್ಯೋ, ಹೋಯ್ತು ನೋಡೇ, ನನ್ನ ಕೈಲಾಗೋದಲ್ಲ ಇದು.

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದರು, ನಿನಗೆ ಬೇಗ ಬರುತ್ತೆ ಬಿಡು, ಮೇಷ್ಟ್ರೂ ಹೇಳಿದ್ರಲ್ಲ ನಿಂದು ಒಳ್ಳೆ ಕೈ ಅಂತ, ಎನ್ನುತ್ತಿದ್ದರು, ನಾನು ಅವರ ಬೂಟು ನೋಡುತ್ತಿದ್ದೆ, ಆ ಕಾಲುಚೀಲ, ಆ ಹಿಮ್ಮಡಿ ಆಗ ನೆನಪಾಯಿತು. ಸಂಜೆ ಬಟ್ಟೆ ತೆಗೆಯುವ ನೆಪದಲ್ಲಿ ಮೇಲೆ ಹೋಗಿ ಮಗಳಿಗೆ ಫೋನು ಮಾಡಿದೆ, ನಿಮ್ಮಪ್ಪ ಮಣ್ಣು ಕಲಿತು ಎಷ್ಟು ದಿನ ಆಯ್ತೇ, ಎಂದು ಗೊತ್ತಿರುವವಳ ಹಾಗೆ ಕೇಳಿದೆ, ಅವಳೆಂದಳು, ಎರಡು ವರ್ಷ ಆಯ್ತಮ್ಮ, ಹೇಳಿಬಿಟ್ರಾ ಕೊನೆಗೂ, ನಮ್ಮನೇಲಿ ಹಣ್ಣಿಡೋ ನೀಲಿ ಬಟ್ಟಲಿದೆಯಲ್ಲ, ಅದು ಅಪ್ಪ ಮಾಡಿದ್ದು. ಆ ಬಟ್ಟಲನ್ನು ನನ್ನ ಕೈಯಾರೆ ತೊಳೆದಿದ್ದೇನೆ, ಬೆಲೆಯ ಚೀಟಿ ಇದೆಯಾ ಎಂದು ಬೋರಲು ಹಾಕಿ ನೋಡಿದ್ದೇನೆ, ಎಲ್ಲಿ ತಗೊಂಡೆ, ಎಷ್ಟು ಚೆನ್ನಾಗಿದೆ ಎಂದಿದ್ದೇನೆ, ಇವರು ಅಲ್ಲೇ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದರು, ತಲೆ ಎತ್ತಲಿಲ್ಲ, ಮಗಳು ಅಂಗಡಿಯಿಂದಮ್ಮ ಎಂದಳು, ಅಳಿಯ ಅಡುಗೆಮನೆಗೆ ಎದ್ದು ಹೋದ, ಅವನಿಗೂ ಗೊತ್ತಿತ್ತು, ನಾಲ್ಕು ಜನರ ಮನೆಯಲ್ಲಿ ಮೂರು ಜನಕ್ಕೆ ಗೊತ್ತಿತ್ತು. ಯಾಕೆ ಮುಚ್ಚಿಟ್ಟಿದ್ದು ಎಂದು ಫೋನಿನಲ್ಲೇ ಕೇಳಿದರೆ, ನಿನ್ನ ಖುಷಿಗೇ ಅಮ್ಮ, ನೀನು ಸೋತ್ರೆ ಏನಾಗುತ್ತೆ ಅಂತ ನಿನಗೇ ಗೊತ್ತಿಲ್ಲ, ಮೂರು ದಿನ ಮನೇಲಿ ಪಾತ್ರೆ ಸದ್ದು ಬಿಟ್ರೆ ಬೇರೆ ಸದ್ದಿರಲ್ಲ, ಚಿಕ್ಕೋಳಿದ್ದಾಗ್ಲೇ ಅಪ್ಪ ಹೇಳ್ಕೊಟ್ಟಿದ್ರು, ಅಮ್ಮನ ಜೊತೆ ಆಡಿದ್ರೆ ಕೊನೇಲಿ ಬಿಟ್ಟುಕೊಟ್ಟುಬಿಡು ಪುಟ್ಟಾ ಅಂತ, ಈಗ ಅದನ್ನೇ ದೊಡ್ಡದು ಮಾಡ್ಬೇಡ. ಚಿಕ್ಕೋಳಿದ್ದಾಗಲೇ. ಮದುವೆಯಾದ ವರ್ಷ ಕೇರಂ ಆಟದಲ್ಲಿ ಇವರು ನನ್ನನ್ನು ಒಂಬತ್ತು ಕಾಯಿಂದ ಸೋಲಿಸಿದ್ದರು, ನಿಜ, ಬೋರ್ಡನ್ನು ಗೋಡೆಗೆ ಮುಖ ಮಾಡಿ ಬೀರುವಿನ ಮೇಲಿಟ್ಟೆ, ನಾಲ್ಕು ತಿಂಗಳು ಕೆಳಗಿಳಿಸಲಿಲ್ಲ, ತಲೆನೋವು ಎನ್ನುತ್ತಿದ್ದೆ, ಅದೂ ನಿಜ, ಆಮೇಲೊಂದು ಸಂಜೆ ಇವರೇ ಇಳಿಸಿ ಧೂಳು ಒರೆಸಿ ಪೌಡರ್ ಹಾಕಿ ಬಾ ಎಂದರು, ಅವತ್ತು ನಾನು ಗೆದ್ದೆ. ಅವತ್ತಿನಿಂದ ಗೆಲ್ಲುತ್ತಲೇ ಇದ್ದೇನೆ, ಮೂವತ್ತು ವರ್ಷ, ಕೊನೆಯ ಕಾಯಿ ಇವರ ಕೈಯಲ್ಲಿ ಕೂದಲೆಳೆಯಲ್ಲಿ ತಪ್ಪುತ್ತದೆ, ಛೆ ಎನ್ನುತ್ತಾರೆ, ತೊಡೆ ತಟ್ಟಿಕೊಳ್ಳುತ್ತಾರೆ, ನಿಮ್ಮಪ್ಪನಿಗೆ ಗುರಿ ಅನ್ನೋದೇ ಇಲ್ಲ ಕಣೇ ಎಂದು ಬೀಗುತ್ತೇನೆ, ಪೇಪರಿನ ಪದಬಂಧದಲ್ಲಿ ಎರಡು ಮನೆ ಯಾವಾಗಲೂ ಖಾಲಿ ಬಿಟ್ಟು ಇದೊಂದು ಹೊಳೀತಿಲ್ಲ ನೋಡು ಎಂದು ನನ್ನ ಕಡೆ ಸರಿಸುತ್ತಾರೆ, ನೇರ ಗೆರೆ ಎಳೆದೇ ಸಂಬಳ ತಂದ ಮನುಷ್ಯ ಗೋಡೆಗೆ ಮೊಳೆ ಹೊಡೆದರೆ ಪಟ ಸೊಟ್ಟಗಿರುತ್ತದೆ, ನಾನು ಹೋಗಿ ಸರಿ ಮಾಡುತ್ತೇನೆ, ಅಯ್ಯೋ ನನ್ನ ಪೆದ್ದುತನವೇ, ಅದರಲ್ಲಿ ಎಷ್ಟು ಹೆಬ್ಬೆರಳು ಇತ್ತೋ.

ಇವರು ಜೋರಾಗಿ ಜಗಳವಾಡಿದ್ದರೆ, ಇನ್ನೊಬ್ಬಳು ಇದ್ದಾಳೆ ಎಂದಿದ್ದರೆ ಬಾಯಿ ಬಿಟ್ಟು ಅಳಬಹುದಿತ್ತು, ಯಾರಿಗಾದರೂ ಹೇಳಿಕೊಳ್ಳಬಹುದಿತ್ತು, ಇದನ್ನು ಯಾರ ಮುಂದೆ ಹೇಳಲಿ, ನನ್ನ ಗಂಡ ಒಳ್ಳೆಯವನು, ನನಗೆ ಮೋಸವಾಯಿತು ಎಂದರೆ ಆಚೆ ಬೀದಿಯವರೂ ನಗುತ್ತಾರೆ. ರಾತ್ರಿ ಅನ್ನ ಬಡಿಸಿದೆ, ಬೆಳಗ್ಗೆ ಡಬ್ಬಿ ಕಟ್ಟಿದೆ, ಏನೂ ಕೇಳಲಿಲ್ಲ, ಕೇಳಿದರೆ ಅದಕ್ಕೂ ನನ್ನ ಮುಖ ನೋಡಿ ತಕ್ಕ ಉತ್ತರ ಕೊಡುತ್ತಾರೆ. ಬೇಡ, ಫಾರಂ ಇಲ್ಲೇ ಮೇಜಿನ ಮೇಲಿದೆ, ಮುಂದುವರಿಯಲು ಒಪ್ಪಿಗೆ ಇದೆ, ಇಲ್ಲ, ಒಂದನ್ನು ಹೊಡೆದು ಹಾಕಿ, ಮನಸ್ಸು ಬದಲಾದರೆ ಇವತ್ತು ಊಟದ ಬೆಲ್ಲಿನವರೆಗೆ ಸಮಯ ಮೇಡಂ ಎಂದಿದ್ದಾರೆ ಪ್ರಿನ್ಸಿಪಾಲರು, ಇರುತ್ತೇನೆ ಎಂದು ಬರೆದುಬಿಡುತ್ತೇನೆ, ಭಾನುವಾರವೂ ವಿಶೇಷ ತರಗತಿ ತೆಗೆದುಕೊಳ್ಳುತ್ತೇನೆ, ಇವರು ಒಬ್ಬರೇ ಹೋಗಲಿ, ಗೇಣುದ್ದವೇನು, ಮೊಳದುದ್ದದ ಹೂಜಿ ಎಬ್ಬಿಸಿಕೊಳ್ಳಲಿ, ಇಲ್ಲಿ ಕಾಲರ್ ಕೂತರೆ ಕೂತಿತು, ಇಲ್ಲದಿದ್ದರೆ ಬಿಚ್ಚು, ಇಲ್ಲಿ ನನಗೆ ಯಾರೂ ಸೋತುಕೊಟ್ಟಿಲ್ಲ, ಮೂವತ್ತನಾಲ್ಕು ವರ್ಷ ನನ್ನ ಕೈಯಿಂದಲೇ ಬಂದಿದ್ದು — ಏಯ್ ಮೂರನೇ ಮಿಷನ್, ಇಲ್ಲಿ ಬಾ, ನಾನು ತೋರಿಸ್ತೀನಿ ನೋಡು, ಕಾಲು ನೋಡು, ಎಂದು ನನ್ನ ಮಿಷನ್ ಮುಂದೆ ಕೂತೆ. ಸೂಜಿಯಲ್ಲಿ ದಾರವಿತ್ತು. ಕೆಂಪು ದಾರ, ನೀಟಾಗಿ ಪೋಣಿಸಿ, ತುದಿ ಹಿಂದಕ್ಕೆ ಎಳೆದು ಇಟ್ಟಿದೆ. ಶನಿವಾರ ನಾನು ಬಿಟ್ಟು ಹೋಗಿದ್ದು ಬಿಳಿ. ಅಲ್ಲ, ಶನಿವಾರವೂ ನಾನು ಹಾಕಿದ್ದಲ್ಲ, ಕೂತಾಗ ಇತ್ತು, ಯಾವಾಗ ಕೂತರೂ ಇರುತ್ತದೆ, ನಾನು ಕೊನೆಯ ಸಲ ಸೂಜಿಗೆ ದಾರ ಹಾಕಿದ್ದು ಯಾವಾಗ, ಈ ತಂಡದಲ್ಲಿ ಅಲ್ಲ, ಹೋದ ತಂಡದಲ್ಲಿ, ಅದರಲ್ಲೂ ಅಲ್ಲ, ಕನ್ನಡಕ ಎರಡು ಸಲ ಬದಲಾಯಿತು, ಅಷ್ಟರ ಮೇಲೆ ಹಾಕಿದ ನೆನಪೇ ಇಲ್ಲ.

ದಾರ ಎಳೆದು ಹಾಕಿದೆ. ತುದಿ ನಾಲಿಗೆಗೆ ಹಚ್ಚಿ ಹೊಸೆದೆ, ಸೂಜಿಕಣ್ಣು ಎರಡಾಗಿ ಕಂಡಿತು, ಎಡಕ್ಕೆ ಹೋಯಿತು, ಮತ್ತೆ, ಬಲಕ್ಕೆ ಹೋಯಿತು, ಉಳಿದ ಹನ್ನೊಂದು ಮಿಷನ್ನೂ ಒಂದೊಂದಾಗಿ ನಿಂತವು, ತಲೆ ಎತ್ತಿದರೆ ಯಾರೂ ನೋಡುತ್ತಿಲ್ಲ, ಎಲ್ಲರೂ ತಮ್ಮ ತಮ್ಮ ಬಟ್ಟೆ ನೋಡಿಕೊಂಡು ಕೂತಿದ್ದಾರೆ, ಹನ್ನೊಂದು ಜನ ಬೇಕೆಂದೇ ನೋಡದೆ ಕೂತಿದ್ದಾರೆ, ಇವಳೊಬ್ಬಳು ಮಾತ್ರ ಪಕ್ಕದಲ್ಲಿ ನಿಂತು ಸೆರಗಿನ ತುದಿ ಸುತ್ತುತ್ತಿದ್ದಾಳೆ. ಯಾರು ಹಾಕಿಡೋದು ಇದನ್ನ ಎಂದೆ. ಇವತ್ತು ನಾನೇ, ಟೀಚರ್, ಬೆಳಗ್ಗೆ ಮೊದಲು ಬಂದವರು ಹಾಕೋದು. ಯಾರು ಹೇಳಿದ್ದು ನಿಮಗೆ. ಹಿಂದಿನ ಬ್ಯಾಚಿನ ಅಕ್ಕಂದಿರು ಹೇಳಿ ಹೋಗಿದ್ರು, ಅವರಿಗೆ ಅದರ ಹಿಂದಿನವರು ಹೇಳಿದ್ರಂತೆ, ಹಾಕಿದ್ದು ಗೊತ್ತಾಗ್ಬಾರ್ದು ಅಂತಲೂ ಹೇಳಿದ್ರು, ಇವತ್ತು ಬಣ್ಣ ತಪ್ಪಿ ಹೋಯ್ತು, ಕ್ಷಮಿಸಿ ಟೀಚರ್, ನೀವು ಬೇಜಾರ್ ಮಾಡ್ಕೋತೀರಾ ಅಂತ. ಬಣ್ಣ ತಪ್ಪಿದ್ದಕ್ಕೆ ಕ್ಷಮೆ ಕೇಳುತ್ತಿದ್ದಾಳೆ. ಒಂದು ತಂಡ ಇನ್ನೊಂದು ತಂಡಕ್ಕೆ ಒಪ್ಪಿಸಿ ಹೋಗುತ್ತದಂತೆ ನನ್ನನ್ನು, ಕತ್ತರಿ ಎಲ್ಲಿದೆ, ಇಸ್ತ್ರಿಪೆಟ್ಟಿಗೆ ಯಾವುದು ಶಾಕ್ ಹೊಡೆಯುತ್ತದೆ, ಟೀಚರ್ ಮಿಷನ್ನಿಗೆ ದಾರ ಹಾಕಿಡಬೇಕು. ಹಾಗಾದರೆ ನಿಮ್ಮಂಥವರು ಎಲ್ಲಿ ಸಿಗ್ತಾರೆ ಎಂದ ಪ್ರಿನ್ಸಿಪಾಲರು, ಅದೂ ನನ್ನ ಮುಖ ನೋಡಿಯೇ ಹೇಳಿದ್ದಿರಬೇಕು.

ಬೆಲ್ಲು ಹೊಡೆದು ಎಷ್ಟು ಹೊತ್ತಾಯಿತೋ, ಎಲ್ಲರೂ ಸದ್ದಿಲ್ಲದೆ ಊಟಕ್ಕೆ ಎದ್ದು ಹೋಗಿದ್ದಾರೆ, ಜವಾನ ಬಾಗಿಲಲ್ಲಿ, ಫಾರಂ ಕೊಡಿ ಟೀಚರ್, ಕವರ್ ಅಂಟಿಸಬೇಕು, ಎನ್ನುತ್ತಿದ್ದಾನೆ, ಒಂದು ನಿಮಿಷ ಎಂದೆ, ಪೆನ್ನಿನ ಮುಚ್ಚಳ ತೆಗೆದೆ, ಇದೆ, ಇಲ್ಲ, ಇದ್ದರೆ ನಾಳೆ ಬೆಳಗ್ಗೆ ಸೂಜಿಯಲ್ಲಿ ಸರಿಯಾದ ಬಣ್ಣದ ದಾರ ಇರುತ್ತದೆ, ಇಲ್ಲದಿದ್ದರೆ ಭಾನುವಾರ ಪಕ್ಕದ ತಿಗರಿ, ಇಲ್ಲ, ಇವತ್ತು ಸಂಜೆ ಹೋದ ಕೂಡಲೇ ಕೇರಂ ಬೋರ್ಡು ಇಳಿಸಿ ಹೇಳುತ್ತೇನೆ, ರೀ, ನನಗೆಲ್ಲ ಗೊತ್ತಾಗಿದೆ, ಇವತ್ತೊಂದು ದಿನ ನಿಜವಾಗಿ ಆಡಿ, ನಿಮ್ಮ ದಮ್ಮಯ್ಯ, ಎಂದು, ಆಡುತ್ತಾರೆ, ಹೂಂ ಎಂದೇ ಆಡುತ್ತಾರೆ, ನಾನು ಸೋತರೆ ಸರಿ, ಸೋತೆ ಎಂದಾದರೂ ಗೊತ್ತಾಗುತ್ತದೆ, ಆದರೆ ಗೆದ್ದರೆ, ಗೆದ್ದುಬಿಟ್ಟರೆ ನಾನು ಏನೆಂದು ತಿಳಿಯಲಿ, ಟೀಚರ್, ಏನು ಬರೀತೀರಿ ಬರೆದುಬಿಡಿ, ಬರೆಯುತ್ತೇನಪ್ಪ, ನಿಲ್ಲು, ಇದೆ, ಇಲ್ಲ, ಎಡಗೈ ಹೆಬ್ಬೆರಳು, ಗೋಡೆ ಅಷ್ಟು ತೆಳ್ಳಗೆ ಎದ್ದಿತ್ತು, ಒತ್ತಿದ್ದಷ್ಟೇ ನೆನಪಿಟ್ಟುಕೊಂಡಿದ್ದೆ, ಆಮೇಲಿನದು ಈಗ ಬರುತ್ತಿದೆ, ಒತ್ತಿ, ಮಲಗಿದ ಮಡಕೆಯ ಕಡೆ ಅವರು ನೋಡಲೇ ಇಲ್ಲ, ಹೆಬ್ಬೆರಳು ಇನ್ನೂ ಮಣ್ಣಿನೊಳಗೆ ಇರುವಾಗಲೇ ತಲೆ ಎತ್ತಿ ನನ್ನ ಮುಖ ನೋಡಿದರು, ಹೇಗಿದೆ ಎಂದು ನೋಡಿದರು — ನಾನು ನಗುತ್ತಿದ್ದೆ. ಹೆಬ್ಬೆರಳು ಮಣ್ಣಿನೊಳಗೆ, ನಾನು ಬಾಯ್ತುಂಬ ನಗುತ್ತಿದ್ದೆ.